ಮಾಬ್ಲ ಆರಿಸಿದ ಬೋಟು

ಬೋಟು ನೋಡಿ ಹೇಳುವ ವಿಷಯದಲ್ಲಿ ತೆಂಗಿನಗುಂಡಿಯ ಮಾಬ್ಲ ಮೊಗೇರನಿಗಿದ್ದಷ್ಟು ಜಂಬವನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಹೆಣ್ಣು ನೋಡಲು ಹೋದ ಗಂಡಿನ ಕಡೆಯವರೂ ಅಷ್ಟು ಬಿಗುಮಾನ ತೋರಿಸುವುದಿಲ್ಲ. ಬೋಟು ಕಟ್ಟುವ ದಕ್ಕೆಗೆ ಬಂದವನೇ ಮೊದಲು ಬೋಟಿಗೆ ಬೆನ್ನು ಹಾಕಿ ನಿಂತು ಎಲೆಯಡಿಕೆಯ ಕವಳ ಹಾಕಬೇಕು. ಅದನ್ನು ಉಗಿದ ಮೇಲೆಯೇ ತಿರುಗಿ ನೋಡುವುದು. ಆಮೇಲೆ ಬೋಟು ಹತ್ತಿ ಬೆರಳಿನ ಗಂಟಿನಿಂದ ಹಲಗೆಗಳನ್ನು ಒಂದೊಂದಾಗಿ ಕುಟ್ಟುತ್ತಾ ಹೋಗುವುದು. ಕೊನೆಗೆ ಮೀನು ತುಂಬುವ ಐಸಿನ ಕೋಣೆಗೆ ತಲೆ ಹಾಕಿ ಮೂಸುವುದು. "ಇದು ಆತು" ಎಂದರೆ ಆಯಿತು. "ಇದಾಗೂದಿಲ್ಲ" ಎಂದುಬಿಟ್ಟರೆ ಆ ಬೋಟಿಗೆ ಭಟ್ಕಳದಿಂದ ಕುಮಟಾದವರೆಗೆ ಗಿರಾಕಿ ಸಿಗುತ್ತಿರಲಿಲ್ಲ.

ನಾನು ಉಮೇಶ, ಹೊನ್ನಾವರದಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ಮೂವತ್ತು ವರ್ಷ ಡೀಸೆಲ್ಲಿನಲ್ಲಿ ಕೈ ಅದ್ದಿ ಅದ್ದಿ, ನಾನು ಮುಟ್ಟಿದ ದೋಸೆಗೂ ಅದೇ ವಾಸನೆ ಎಂದು ಮನೆಯವಳು ಬೈಯುತ್ತಾಳೆ. ಮಾಬ್ಲನಿಗೂ ನನಗೂ ಇಪ್ಪತ್ತೈದು ವರ್ಷದ ಒಡನಾಟ. ಅವನ ಜಂಬವನ್ನು ಎದುರಿಗೇ ಆಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಹಾಗಾಗಿ ಅವನ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡು ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಆ ಧೈರ್ಯ ಇಳಿಯುತ್ತಾ ಬಂದಿದೆ.

ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವನು ಮಾಬ್ಲ. ಮೂವತ್ತು ತುಂಬುವ ಮೊದಲೇ ತಾಂಡೇಲನಾದ. ತಾಂಡೇಲ ಎಂದರೆ ಬೋಟು ನಡೆಸುವವನು. ದಡ ಬಿಟ್ಟ ಮೇಲೆ ಮಾಲೀಕನ ಮಾತೂ ಅವನ ಮುಂದೆ ನಡೆಯುವುದಿಲ್ಲ. ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಮತ್ತೆ ಮದುವೆಯ ಮಾತು ಎತ್ತಿದವರನ್ನು ಅವನು ಅಂಗಳದಲ್ಲೇ ನಿಲ್ಲಿಸಿ ಕಳಿಸಿದ. ತಮ್ಮ ಗಣಪ, ಗಣಪನ ಹೆಂಡತಿ ಮಂಜಿ, ಇವರದೇ ಅವನಿಗೆ ಮನೆ. ಹಿತ್ತಲ ಕಡೆಯ ಕೋಣೆಯಲ್ಲಿ ಮಲಗುತ್ತಿದ್ದ, ಮಂಜಿ ಬಡಿಸಿದ್ದನ್ನು ಉಣ್ಣುತ್ತಿದ್ದ. ನಲವತ್ತು ವರ್ಷ ಕಡಲ ಮೇಲಿದ್ದರೂ ಈಜು ಬರುತ್ತಿರಲಿಲ್ಲ. ಕೇಳಿದರೆ, "ಬೋಟು ಸರಿ ಇದ್ರೆ ಈಜೂದೆಂತಕ್ಕೆ?" ಎಂದು ನಮ್ಮನ್ನೇ ದಡ್ಡರನ್ನಾಗಿ ಮಾಡುತ್ತಿದ್ದ.

ಅವನು ಅತಿ ಹೆಚ್ಚು ಕಾಲ ನಡೆಸಿದ್ದು ಹೊನ್ನಾವರದ ಪಕ್ಕದ ಕಾಸರಕೋಡಿನ ದಿನೇಶನ 'ಗಂಗಾಪ್ರಸಾದ' ಎಂಬ ಮರದ ಬೋಟು, ಹದಿನೆಂಟು ವರ್ಷ. ಅದರ ಐಸಿನ ಕೋಣೆಯನ್ನು ಎದುರು ನಿಂತು ಮಾಡಿಸಿದವನೂ ಅವನೇ. ಡೆಕ್ಕಿನ ಕೆಳಗೆ, ನಡು ಬೋಟಿನಲ್ಲಿ, ಆಳೆತ್ತರದ ಕೋಣೆ. ಸುತ್ತ ನಾಲ್ಕು ಬೆರಳು ದಪ್ಪ ಥರ್ಮೋಕೋಲ್, ಅದರ ಮೇಲೆ ಫೈಬರ್. ಮೇಲೊಂದು ಮುಚ್ಚಳ, ಅದರ ಹೊಟ್ಟೆಯಲ್ಲೂ ಥರ್ಮೋಕೋಲ್, ಎತ್ತಲು ಹೊರಗಡೆ ಎರಡು ಕಬ್ಬಿಣದ ಹಿಡಿಕೆ. ತುಂಬಿದ ಐಸು ಹತ್ತನೇ ದಿನಕ್ಕೂ ಗಟ್ಟಿಯಾಗಿರುತ್ತಿತ್ತು. ಬೇರೆ ಬೋಟಿನ ಮೀನು ಮೆತ್ತಗಾಗಿ ದರ ಇಳಿದ ದಿನವೂ ಗಂಗಾಪ್ರಸಾದದ ಮೀನು ಆಗ ಹಿಡಿದ ಹಾಗಿರುತ್ತಿತ್ತು. "ಈ ಮುಚ್ಚಳ ಹಾಕ್ದ ಮೇಲೆ ಗಾಳಿನೂ ಕೇಳಿ ಹೋಗ್ಬೇಕು" ಎಂದು ಮಾಬ್ಲ ಬಂದವರಿಗೆಲ್ಲ ಹೇಳುತ್ತಿದ್ದ.

ಅದೇ ಕೋಣೆಯಲ್ಲಿ ಗಣಪ ಸತ್ತ. ಹನ್ನೊಂದು ವರ್ಷದ ಹಿಂದೆ.

ಮಳೆಗಾಲದ ಎರಡು ತಿಂಗಳು ನಮ್ಮ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಜುಲೈ ಕೊನೆಯ ವಾರ ಎಲ್ಲರಿಗೂ ಅವಸರ. ಆಗ ಒಂದು ಪದ್ಧತಿ ಇದೆ. ಮುಚ್ಚಿಟ್ಟ ಐಸಿನ ಕೋಣೆಗೆ ಯಾರೂ ಒಮ್ಮೆಲೇ ಇಳಿಯುವುದಿಲ್ಲ. ತಳದಲ್ಲಿ ಉಳಿದ ಮೀನಿನ ನೀರು ಕೊಳೆತು ಕೆಟ್ಟ ಗಾಳಿ ತುಂಬಿರುತ್ತದೆ. ಮುಚ್ಚಳ ತೆಗೆದು ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ಆ ವರ್ಷ ಮಳೆ ಬಿಡುವು ಕೊಡಲಿಲ್ಲ, ಮುಚ್ಚಳ ತೆಗೆದಿಟ್ಟರೆ ಕೋಣೆ ತುಂಬ ನೀರು. ಮಾಬ್ಲ ಬೆಳಿಗ್ಗೆ ಮುಚ್ಚಳ ಎತ್ತಿದ, ಒಂದು ಕವಳ ಮುಗಿಯುವಷ್ಟು ಹೊತ್ತು ಕಾದ, ತಮ್ಮನಿಗೆ "ಇಳಿ, ಎಂತ ಆಗೂದಿಲ್ಲ" ಎಂದ. ಗಣಪ ಬಕೆಟ್ಟು, ಹಿಡಿಕಡ್ಡಿಯ ಪೊರಕೆ ಹಿಡಿದು ತೊಳೆಯಲು ಇಳಿದ. ಅಷ್ಟರಲ್ಲಿ ಮಳೆ ಹೊಡೆಯಿತು. ಒಳಗೆ ಬಲ್ಬು ಉರಿಯುತ್ತಿತ್ತು, ಎರಡು ನಿಮಿಷದ ಮಳೆ ಎಂದುಕೊಂಡು ಮಾಬ್ಲ ಮುಚ್ಚಳ ಎಳೆದ. ಸಂದಿ ಬಿಟ್ಟೇ ಎಳೆದೆ ಎಂಬುದು ಅವನ ಲೆಕ್ಕ. ಆದರೆ ಆ ಮುಚ್ಚಳಕ್ಕೆ ಸಂದಿ ಬಿಟ್ಟು ಗೊತ್ತಿಲ್ಲ, ತನ್ನ ಭಾರಕ್ಕೆ ತಾನೇ ಕೂತುಕೊಳ್ಳುತ್ತದೆ. ಅವನು ಓಡಿ ಚಹಾದಂಗಡಿಯ ಸೂರಿನಡಿ ನಿಂತ. ಕಾಲು ಗಂಟೆ ಬಿಟ್ಟು ಬಂದು ತೆರೆದಾಗ ಗಣಪ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದ.

ಪೊಲೀಸರಿಗೆ, ಡಾಕ್ಟರಿಗೆ, ಮಂಜಿಗೆ, ಎಲ್ಲರಿಗೂ ಮಾಬ್ಲ ಹೇಳಿದ್ದು ಬೇರೆ. ಮುಚ್ಚಳ ತೆರೆದೇ ಇತ್ತು, ನಾನು ಬೇಡ ಅಂದೆ, ಅವನೇ ಇಳಿದ ಎಂದ. ಕೆಟ್ಟ ಗಾಳಿ ಎರಡು ಉಸಿರಿಗೆ ಆಳನ್ನು ಬೀಳಿಸುತ್ತದೆ, ನೋವೂ ಗೊತ್ತಾಗಿರಲಿಕ್ಕಿಲ್ಲ ಎಂದು ಯಾರೋ ಮಂಜಿಗೆ ಸಮಾಧಾನ ಹೇಳಿದರು. ಅವಳು ಅದನ್ನೇ ಹಿಡಿದುಕೊಂಡಳು.

ನಾನು ಆ ದಿನ ಅದೇ ಬೋಟಿನಲ್ಲಿದ್ದೆ. ಐಸಿನ ಕೋಣೆಯ ಹಿಂದಿನ ಗೋಡೆಗೆ ತಾಗಿಯೇ ಎಂಜಿನ್ ಕೋಣೆ. ಬೋಲ್ಟು ಬಿಗಿಯುವ ಪಾನಾ ತೆಗೆದುಕೊಳ್ಳಲು ಮೇಲೆ ತಲೆ ಹಾಕಿದವನಿಗೆ ಮಾಬ್ಲ ಮುಚ್ಚಳ ಎಳೆಯುವುದು ಕಂಡಿತು. ಮಳೆ ಅಲ್ಲವೇ ಎಂದುಕೊಂಡು ಮತ್ತೆ ಕೆಳಗಿಳಿದೆ. ಆಮೇಲೆ ಅವನು ಎಲ್ಲರ ಮುಂದೆ ಸುಳ್ಳು ಹೇಳುವಾಗ ಒಮ್ಮೆ ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ. ಗೆಳೆತನ ಎಂದುಕೊಂಡೆ. ಹನ್ನೊಂದು ವರ್ಷವೂ ಅವನ ಗುಟ್ಟು ಕಾಪಾಡಿದ ದೊಡ್ಡ ಮನುಷ್ಯ ನಾನು ಎಂಬ ಭಾವನೆ ನನಗಿತ್ತು, ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಗಂಗಾಪ್ರಸಾದ ಮತ್ತೆ ಕೆಲವು ವರ್ಷ ಓಡಿತು. ಆಮೇಲೆ ಹಳತಾಯಿತೆಂದು ದಿನೇಶ ಅದನ್ನು ಶರಾವತಿಯ ಅಳಿವೆಯಲ್ಲಿ ಕಟ್ಟಿ ಹಾಕಿದ. ಮಾಬ್ಲನ ಕಣ್ಣಿಗೂ ಪೊರೆ ಬಂತು. ಮೀನು ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರ ಬಂದ ಮೇಲೆ ನೀರಿನ ಬಣ್ಣ ನೋಡಿ ಹೇಳುವವನನ್ನು ಯಾರು ಕರೆಯುತ್ತಾರೆ? ಹೀಗೆ ನಾಲ್ಕು ವರ್ಷ ಅವನಿಗೆ ಬೋಟಿರಲಿಲ್ಲ. ತೆಂಗಿನಗುಂಡಿಯ ಶೆಡ್ಡಿನಲ್ಲಿ ಕೂತು ಬೇರೆಯವರ ಬಲೆ ಕಟ್ಟುತ್ತಿದ್ದ. ಸಂಜೆ ಬೋಟುಗಳು ಬರುವ ಹೊತ್ತಿಗೆ ಎದ್ದು ಮನೆಗೆ ಹೋಗಿಬಿಡುತ್ತಿದ್ದ, ಅದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷದ ಮೇ ತಿಂಗಳಲ್ಲಿ ಅರ್ಚನಾ ಬಂದಳು. ಕುಮಟಾದ ಹುಡುಗಿ, ತಂದೆ ಅಲ್ಲಿಯ ಬ್ಯಾಂಕಿನಲ್ಲಿದ್ದವರು. ನೇತ್ರಾಣಿ ದ್ವೀಪದ ಬಳಿ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಮುಳುಗುವುದನ್ನು ಕಲಿತು ಈಗ ಬೇರೆಯವರಿಗೆ ಕಲಿಸುತ್ತಾಳೆ. ನೇತ್ರಾಣಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಅವಳ ಕಂಪನಿಯವರಿಗೆ ಅದು ಸಾಲದಾಗಿತ್ತು. ಎರಡು ಹಗಲು, ಒಂದು ರಾತ್ರಿ ಓಡಿದರೆ ನಡುಗಡಲಿನಲ್ಲೊಂದು ಹವಳದ ದಿಬ್ಬವಿದೆ, ಅಲ್ಲಿಗೆ ಜನರನ್ನು ಕರೆದೊಯ್ಯಬೇಕು, ಐದಾರು ದಿನ ಬೋಟಿನಲ್ಲೇ ಇರಬೇಕು ಎಂದಳು. ಲಿವ್‌ಅಬೋರ್ಡ್ ಎಂದು ಅದರ ಹೆಸರಂತೆ. ಮಾಬ್ಲ ಆ ಹೆಸರನ್ನು ಎರಡು ಸಲ ಬಾಯಲ್ಲಿ ತಿರುಗಿಸಿ ನೋಡಿ, ಕೊನೆಗೆ 'ಮನೆಬೋಟು' ಎಂದು ತೀರ್ಮಾನ ಮಾಡಿದ. ಬೋಟು ನೋಡಿ ಹೇಳಲು ಈ ಕರಾವಳಿಯಲ್ಲಿ ಯಾರಿದ್ದಾರೆ ಎಂದು ಅವಳು ಕೇಳಿದ್ದಕ್ಕೆ ಅವನ ಹೆಸರು ಹೇಳಿದವನು ನಾನೇ.

ಮೊದಲ ದಿನ ಅವಳು ಅವನಿಗೆ ಫೋನಿನಲ್ಲಿ ಆ ದಿಬ್ಬದ ವಿಡಿಯೋ ತೋರಿಸಿದಳು. ಹಳದಿ, ನೇರಳೆ ಹವಳ, ಅದರ ಸಂದಿಯಲ್ಲಿ ಮೀನು. ಮಾಬ್ಲ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದ.

"ನಮ್ ಬಲೆ ತಿಂದದ್ದು ಇದನಾ?" ಎಂದ. "ನಲವತ್ತು ವರ್ಷ ಕಲ್ಲು ಹೇಳಿ ಬೈದೆ. ಇಷ್ಟು ಚಂದ ಇತ್ತು ಹೇಳಿ ಯಾರೂ ಹೇಳ್ಲಿಲ್ಲ."

ಅರ್ಚನಾಳ ಹತ್ತಿರ ಒಂದು ಪಟ್ಟಿ ಇತ್ತು. ಆಮ್ಲಜನಕದ ಸಿಲಿಂಡರು ಇಡಲು ಜಾಗ ಇದೆಯೇ, ರೇಡಿಯೋ ಎಷ್ಟು ದೂರ ಮುಟ್ಟುತ್ತದೆ, ಮುಳುಗುವವರಿಗೆ ಗಾಳಿ ತುಂಬುವ ಯಂತ್ರ ಹೊಗೆ ಬರುವ ಕಡೆಯಿಂದ ದೂರ ಇದೆಯೇ, ನೀರಿನಿಂದ ಹತ್ತಲು ಏಣಿ, ಕುಡಿಯುವ ನೀರು, ಸಣ್ಣ ದೋಣಿ, ಬೆಂಕಿ ಆರಿಸುವ ಡಬ್ಬಿ. ಮಲಗುವ ಕೋಣೆಗೆ ಎರಡು ದಾರಿ ಇದೆಯೇ ಎಂಬುದೂ ಅದರಲ್ಲಿತ್ತು.

"ಐದಾರು ದಿನ ಜನ ಅದ್ರಲ್ಲೇ ಇರ್ಬೇಕು ಮಾಬ್ಲಣ್ಣ. ಸುಮ್ನೆ ಹೋಗೂಕೆ ಆಗೂದಿಲ್ಲ."

"ನಾವು ಹತ್ತು ದಿನ ಇರ್ತಿದ್ವಲ್ಲ ತಂಗಿ. ನಮ್ಗೆ ಯಾರು ಪಟ್ಟಿ ಮಾಡಿದ್ರು?"

ಅವಳು ನಕ್ಕಳು. ಅವನು ನಗಲಿಲ್ಲ.

ಮೂರು ಬೋಟು ನೋಡಿದೆವು. ತೆಂಗಿನಗುಂಡಿಯದು ಫೈಬರ್ ಬೋಟು, ಹೊಸದು, ಚೊಕ್ಕಟ. ಆದರೆ ಎರಡು ದಿನಕ್ಕೆ ಸಾಲುವಷ್ಟೇ ನೀರು ಹಿಡಿಯುತ್ತಿತ್ತು. ಎರಡನೆಯದು ದಕ್ಷಿಣದಿಂದ ಬಂದು ಹೊನ್ನಾವರದಲ್ಲಿ ನಿಂತಿದ್ದ ಕಬ್ಬಿಣದ ಬೋಟು. ಮಲಗುವ ಕೋಣೆಗಳು ಡೆಕ್ಕಿನ ಮೇಲೆಯೇ ಇದ್ದವು, ಪ್ರತಿಯೊಂದಕ್ಕೂ ಒಂದು ಬಾಗಿಲು, ಆಳು ನುಸುಳುವಷ್ಟು ದೊಡ್ಡ ಕಿಟಕಿ. ಅರ್ಚನಾಳ ಪೆನ್ನು ಪಟ್ಟಿಯ ಮೇಲೆ ಸರಸರ ಓಡಿತು. ಮಾಬ್ಲ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದ. "ಕಬ್ಬಿಣ ಬಿಸಿಲಿಗೆ ಒಲೆ ಆತದೆ. ಗಾಳಿ ಹೊಡದ್ರೆ ಡಬ್ಬದ ಹಾಗೆ ಬಡೀತದೆ. ಅದ್ರೊಳ್ಗೆ ಯಾರಿಗೆ ನಿದ್ದೆ ಬತ್ತದೆ?" ಎಂದ. ಅವನು ಹೇಳದೆ ಬಿಟ್ಟದ್ದು ನನಗೆ ಗೊತ್ತಿತ್ತು. ಆ ಬೋಟಿಗೆ ಅದರದೇ ತಾಂಡೇಲನಿದ್ದ, ಲೈಸೆನ್ಸು ಜೇಬಿನಲ್ಲಿಟ್ಟುಕೊಂಡ ಮೂವತ್ತೈದು ವರ್ಷದವನು.

ಮೂರನೆಯದಾಗಿ ಅವನು ನಮ್ಮನ್ನು ಕರೆದುಕೊಂಡು ಹೋದದ್ದು ಗಂಗಾಪ್ರಸಾದಕ್ಕೆ.

ದಾರಿಯಲ್ಲಿ ಅವನನ್ನು ಪಕ್ಕಕ್ಕೆ ಕರೆದು, "ನಿಂಗೆ ತಲೆ ಸಮ ಇದ್ದಾ? ಅದನ್ನಾ ತೋರ್ಸೂದು?" ಎಂದೆ.

"ಅದ್ಕಿಂತ ಭದ್ರ ಬೋಟು ಯಾವ್ದುಂಟು ಹೇಳು" ಎಂದ. ಸ್ವಲ್ಪ ನಡೆದ ಮೇಲೆ ಹೇಳಿದ, "ಯಾರೂ ತಕಳ್ದಿದ್ರೆ ಮಳೆ ಕಳದ ಮೇಲೆ ಒಡದು ಸೌದೆಗೆ ಹಾಕ್ತ ದಿನೇಶ. ಆಗ ಅದ್ರಲ್ಲಿ ಸತ್ತದ್ದು ಒಂದೇ ಉಳೀತದೆ ಉಮೇಶ. ಅಲ್ಲಿ ನಾಕು ಜನ ಮಲ್ಗಿ, ಬೆಳಿಗ್ಗೆ ಎದ್ದು, ನಗ್ತಾ ಹೊರಗೆ ಬರ್ಲಿ. ನಾ ಅದನ್ನ ನೋಡ್ಬೇಕು."

ಅಲ್ಲಿಯವರೆಗೆ ನಾನು ಅವನಿಗೆ ಬೇಕಾದದ್ದು ಕಡಲು ಮಾತ್ರ ಎಂದುಕೊಂಡಿದ್ದೆ. ಅದೂ ಬೇಕಾಗಿತ್ತು. ತಾಂಡೇಲನಿಲ್ಲದ ಬೋಟು ಆರಿಸಿದರೆ ತಾಂಡೇಲ ನೀವೇ ಎಂದು ಅರ್ಚನಾ ಮಾತು ಕೊಟ್ಟಿದ್ದಳು, ಕಂಪನಿಯವರು ಕಣ್ಣಿನ ಪೊರೆ ತೆಗೆಸುತ್ತೇವೆ ಎಂದೂ ಹೇಳಿದ್ದರು. ಆದರೆ ಆ ಮಾತು ಹೇಳುವಾಗ ಅವನ ದನಿ ಹೋದ ರೀತಿಗೆ ಬೈಯುವುದು ಬಿಟ್ಟು ಅವನ ಹಿಂದೆ ನಡೆದೆ. ಅರ್ಚನಾಳಿಗೆ ಅವನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬೋಟು ಅವಳಿಗೆ ಹಿಡಿಸಿತು, ಅದೂ ನಿಜ. ಮರದ ಬೋಟಿನ ಅಂದವೇ ಬೇರೆ. ಅಗಲವಾದ ಡೆಕ್ಕು, ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಬಹುದು. ಐಸಿನ ಕೋಣೆಯಲ್ಲಿ ಆರು ಮಂಚ ಹಿಡಿಸುತ್ತವೆ ಎಂದು ದಿನೇಶ ಟೇಪು ಹಿಡಿದು ತೋರಿಸಿದ. ಮಾಬ್ಲ ಗೋಡೆ ತಟ್ಟಿ ತಟ್ಟಿ ಹೊಗಳಿದ, ಹೊರಗಿನ ಬಿಸಿಲು ಒಳಗೆ ತಾಗುವುದಿಲ್ಲ, ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ, ಮಗುವಿನ ಹಾಗೆ ನಿದ್ದೆ ಮಾಡಬಹುದು ಎಂದ. ಎರಡನೇ ದಾರಿಯ ಪ್ರಶ್ನೆ ಬಂದಾಗ, "ಬೇಕಾದ್ರೆ ಒಂದು ತೂತು ಕೊರಿವ" ಎಂದು ತೇಲಿಸಿಬಿಟ್ಟ. ಇಂಥ ಜಾಣನಿಗೆ ಅಷ್ಟು ಸಣ್ಣ ಸಂಗತಿ ಹೊಳೆಯಲಿಲ್ಲ. ಅವನು ಜೀವಮಾನವಿಡೀ ಬೋಟು ಆರಿಸಿದ್ದು ಮೀನಿಗಾಗಿ. ಮೀನನ್ನು ಒಳಗೆ ಹಾಕಿದ ಮೇಲೆ ಅದು ಹೊರಗೆ ಬರಬೇಕೆಂದು ಯಾರೂ ಯೋಚಿಸುವುದಿಲ್ಲ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ಅಳಿವೆಯೊಳಗೇ ಒಂದು ಸಲ ಓಡಿಸಿ ನೋಡುವುದೆಂದು ಆಯಿತು. ನಾಲ್ಕು ವರ್ಷ ನಿಂತಿದ್ದ ಎಂಜಿನ್ನನ್ನು ನಾನು ಎಂಟು ದಿನ ಗುದ್ದಾಡಿ ಎಬ್ಬಿಸಿದೆ. ಆ ಬೆಳಿಗ್ಗೆ ಮಾಬ್ಲ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮುಂಭಾಗಕ್ಕೆ ಹೂ ಹಾಕಿ, ಕಾಯಿ ಒಡೆದು, ಚುಕ್ಕಾಣಿ ಹಿಡಿದ. ಅಳಿವೆಯ ನೀರಿನಲ್ಲಿ ಮರಳು ದಿಬ್ಬಗಳನ್ನು ತಪ್ಪಿಸಿಕೊಂಡು ಬೋಟು ಹೋದ ಹಾಗೆ ಅವನ ಬೆನ್ನು ನೆಟ್ಟಗಾಯಿತು. ನಾಲ್ಕು ವರ್ಷದಲ್ಲಿ ನಾನು ಅವನನ್ನು ಹಾಗೆ ಕಂಡಿರಲಿಲ್ಲ. ನೋಡಿ ನನಗೂ ಸಂತೋಷವಾಯಿತು.

ನಡು ಅಳಿವೆಯಲ್ಲಿ ಅರ್ಚನಾ ಬೋಟು ನಿಲ್ಲಿಸಲು ಹೇಳಿದಳು. ತಾನು ಕೋಣೆಯೊಳಗೆ ಇಳಿಯುತ್ತೇನೆ, ಮುಚ್ಚಳ ಹಾಕಿ, ನಾನು ಕೂಗುತ್ತೇನೆ, ಮೇಲೆ ಎಷ್ಟು ಕೇಳುತ್ತದೆ ನೋಡಿ ಎಂದಳು. ಕೋಣೆಯನ್ನು ತೊಳೆದು ವಾರದಿಂದ ತೆರೆದಿಟ್ಟಿದ್ದರು, ಗಾಳಿಯ ಭಯವಿರಲಿಲ್ಲ. "ಎಂಜಿನ್ನೂ ನಿಲ್ಸಿ ಉಮೇಶಣ್ಣ, ಸದ್ದೇ ಇಲ್ದಾಗ ಕೇಳ್ತದಾ ನೋಡುವ" ಎಂದು ನನ್ನನ್ನು ಕೆಳಗೆ ಕಳಿಸಿದಳು. ನಾನು ಎಂಜಿನ್ ನಿಲ್ಲಿಸಿ ಅಲ್ಲೇ ಕೂತೆ. ದಿನೇಶ ಮುಚ್ಚಳ ಹಾಕಿದ.

ಮೇಲೆ ನಡೆದದ್ದನ್ನು ದಿನೇಶ ಆಮೇಲೆ ಹೇಳಿದ. ಮೊದಲ ನಿಮಿಷ ಇಬ್ಬರೂ ಕಿವಿಗೊಟ್ಟು ನಿಂತರಂತೆ. ಎಂಥ ಸದ್ದೂ ಇಲ್ಲ. ದಿನೇಶನಿಗೆ ಖುಷಿ, ಬೋಟು ಹೋಯಿತೆಂದೇ ಲೆಕ್ಕ. "ಕೂಗ್ತಾ ಇದ್ದಾಳನಾ?" ಎಂದು ಮಾಬ್ಲ ಕೇಳಿದನಂತೆ. "ಕೂಗ್ತಾ ಇರ್ಬೇಕು, ಕೇಳೂದಿಲ್ಲ ಅಷ್ಟೆ" ಎಂದು ದಿನೇಶ ನಕ್ಕನಂತೆ. ಆಗ ಮಾಬ್ಲ ಡೆಕ್ಕಿನ ಮೇಲೆ ಕುಕ್ಕರಿಸಿ ಮುಚ್ಚಳಕ್ಕೆ ಕಿವಿ ಇಟ್ಟ. ಇಟ್ಟವನು ಏಳಲಿಲ್ಲ. ದಿನೇಶ ಹೆಗಲು ಮುಟ್ಟಿದ ಕೂಡಲೇ ಹಿಡಿಕೆಗೆ ಕೈ ಹಾಕಿ, ಆ ಭಾರದ ಮುಚ್ಚಳವನ್ನು ಒಂದೇ ಎಳೆತಕ್ಕೆ ಕಿತ್ತೆಸೆದ. "ಹೊರ್ಗೆ ಬಾ ತಂಗಿ, ಹೊರ್ಗೆ ಬಾ" ಎಂದು ಅವಳ ತೋಳು ಹಿಡಿದು ಎಳೆದ.

ಅಷ್ಟರಲ್ಲಿ ನಾನೂ ಗಡಬಡಿಸಿ ಮೇಲೆ ಬಂದಿದ್ದೆ. ಯಾಕೆ ಗಡಬಡಿಸಿದೆ ಎಂದು ಯಾರೂ ಕೇಳಲಿಲ್ಲ.

ಅರ್ಚನಾ ಬೆವರಿದ್ದಳು, ಆದರೆ ನಗುತ್ತಲೇ ಇದ್ದಳು. "ಎಷ್ಟು ಕೂಗಿದೆ ಗೊತ್ತುಂಟಾ? ಗೋಡೆಗೂ ಗುದ್ದಿದೆ. ಒಳ್ಗಿಂದ ಮುಚ್ಚಳಕ್ಕೆ ಹಿಡಿಕೆ ಒಂದು ಬೇಕು ಮಾಬ್ಲಣ್ಣ, ಎಷ್ಟು ತಳ್ಳಿದ್ರೂ..." ಎಂದವಳು ಅವನ ಮುಖ ನೋಡಿದಳು.

"ಈ ಬೋಟು ಆಗೂದಿಲ್ಲ" ಎಂದ ಮಾಬ್ಲ.

"ನಿಂಗೆ ಹುಚ್ಚು ಹಿಡೀತನಾ?" ದಿನೇಶ ಕೇಳಿದ.

"ಮೀನಿಗೆ ಆತದೆ. ಮನುಷ್ಯರಿಗೆ ಆಗೂದಿಲ್ಲ. ನನ್ ತಮ್ಮ ಇದ್ರೊಳ್ಗೆ ಸತ್ತ ತಂಗಿ. ಇಳಿ ಹೇಳದವ ನಾನು. ಮುಚ್ಚಳ ಎಳದವನೂ ನಾನು. ಎಲ್ರಿಗೂ ಸುಳ್ಳು ಹೇಳಿದೆ."

ಅರ್ಚನಾ ಬೈಯಲಿಲ್ಲ. ಡೆಕ್ಕಿನ ಮೇಲೆ ಕೂತಳು, ಮೊಣಕಾಲು ತಬ್ಬಿಕೊಂಡಳು. "ಮೊದ್ಲೇ ಹೇಳ್ಬೇಕಿತ್ತು ಮಾಬ್ಲಣ್ಣ. ಆರು ಜನರನ್ನ ನಾನು ಅಲ್ಲಿ ಮಲಗಿಸ್ತಿದ್ದೆ" ಎಂದಳು. ಹಿಂದೆ ಬರುವಾಗ ಚುಕ್ಕಾಣಿಯನ್ನು ದಿನೇಶ ಹಿಡಿದ. ಮಾಬ್ಲ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಿದ್ದ. ಅವನು ಬೋಟು ಹತ್ತಿದ್ದು ಅದೇ ಕೊನೆ.

ದಡ ಮುಟ್ಟಿದ ಮೇಲೆ, "ಮಂಜಿಗೆ ಹೇಳ್ಬೇಕು, ನೀನೂ ಬಾ" ಎಂದ. ಬೇಡ ಎಂದೆ. ಹನ್ನೊಂದು ವರ್ಷ ಕಳೆಯಿತು, ಈಗ ಹೇಳಿ ಯಾರಿಗೇನು ಸಿಗುತ್ತದೆ, ಆ ಹೆಂಗಸಿನ ಸಮಾಧಾನ ಯಾಕೆ ಕೆಡಿಸುತ್ತಿ, ನಿನಗೆ ಅನ್ನ ಹಾಕುವ ಮನೆ ಅದೊಂದೇ ಎಂದೆಲ್ಲ ಹೇಳಿದೆ. ಅವನಿಗಾಗಿ ಹೇಳುತ್ತಿದ್ದೇನೆ ಎಂದೇ ನಾನೂ ನಂಬಿದ್ದೆ. ಅವನು ಕೇಳಲಿಲ್ಲ, ಬಸ್ಸು ಹತ್ತಿದ. ನಾನೂ ಹತ್ತಿದೆ.

ಮಂಜಿ ಅಂಗಳದಲ್ಲಿ ಮಳೆಗಾಲಕ್ಕೆಂದು ಒಣಮೀನು ತುಂಬುತ್ತಿದ್ದಳು. ಒಬ್ಬಳೇ ಮಗಳನ್ನು ಕುಂದಾಪುರಕ್ಕೆ ಕೊಟ್ಟ ಮೇಲೆ ಆ ಮನೆಯಲ್ಲಿ ಇದ್ದವರು ಅವಳು, ಹಿತ್ತಲ ಕೋಣೆಯಲ್ಲಿ ಮಾಬ್ಲ. ನಮ್ಮನ್ನು ಕಂಡು ಚಹಾ ಮಾಡಲು ಎದ್ದಳು. ಮಾಬ್ಲ ಕೂತುಕೋ ಎಂದ, ತಾನು ನಿಂತೇ ಇದ್ದ.

"ಮುಚ್ಚಳ ತೆರ್ದೇ ಇತ್ತು ಹೇಳಿ ಹೇಳಿದ್ನಲ್ಲ ಮಂಜಿ. ತೆರ್ದಿರ್ಲಿಲ್ಲ. ಮಳೆ ಬಂತು ಹೇಳಿ ನಾನೇ ಎಳ್ದಿದ್ದೆ. ಅಂವ ತಾನೇ ಇಳ್ದದ್ದಲ್ಲ, ನಾನೇ ಇಳಿ ಹೇಳಿದೆ. ಮುಚ್ಚಳ ಹಾಕಿ ಚಹಾದಂಗಡಿಗೆ ಹೋದೆ."

ಅವಳು ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು. ಇನ್ನೊಂದು ತೆಗೆದುಕೊಂಡಳು, ಅದನ್ನು ಹಾಕಲಿಲ್ಲ, ಹಿಡಿದುಕೊಂಡೇ ಕೂತಳು. ಅವಳು ಕಿರುಚಿದ್ದರೆ, ಎದ್ದು ಹೊಡೆದಿದ್ದರೆ ನಮಗೆ ಹಗುರವಾಗುತ್ತಿತ್ತು.

"ಅಂವ ಕೂಗಿದ್ನ ಭಾವ?"

"ಕೂಗಿದ್ರೂ ಕೇಳೂದಿಲ್ಲ ಮಂಜಿ. ಇವತ್ತು ನೋಡ್ದೆ. ಆ ಕೋಣೆಯಿಂದ ಮೇಲೆ ಎಂತದೂ ಕೇಳೂದಿಲ್ಲ." ಆ ಕೋಣೆಯ ಗುಣವನ್ನು ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದು ಇಬ್ಬರಿಗೂ ನೆನಪಾಗಿರಬೇಕು.

ಮಂಜಿ ನನ್ನ ಕಡೆ ತಿರುಗಿದಳು. "ನೀವು ಕೆಳ್ಗೆ ಎಂಜಿನ್ ಹತ್ರ ಇದ್ರಿ ಅಲ್ವಾ ಉಮೇಶಣ್ಣ? ಪಕ್ಕದಲ್ಲೇ. ನಿಮ್ಗೆ ಎಂತಾದ್ರೂ ಕೇಳ್ತಾ?"

"ಇಲ್ಲ ಮಂಜಕ್ಕ" ಎಂದೆ. "ಎಂತದೂ ಕೇಳ್ಲಿಲ್ಲ."

ಅವಳು ತಲೆಯಾಡಿಸಿದಳು. ಭಾವನಿಗೆ ಹೋಗು ಎಂದಳು. ಅವನು ತನ್ನ ಕೋಣೆಯಿಂದ ಹಾಸಿಗೆ, ಎರಡು ಅಂಗಿ ತೆಗೆದುಕೊಂಡು ಬಲೆಯ ಶೆಡ್ಡಿಗೆ ಹೋದ. ಈಗಲೂ ಅಲ್ಲೇ ಇದ್ದಾನೆ. ಹೋಟೆಲಿನಿಂದ ಊಟ ತರಿಸುತ್ತಾನೆ. ಬೋಟು ನೋಡಲು ಯಾರಾದರೂ ಕರೆದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಾನೆ. ಗಂಗಾಪ್ರಸಾದವನ್ನು ದಿನೇಶ ಮಳೆ ಕಳೆದ ಮೇಲೆ ಒಡೆಸಿದ. ನವೆಂಬರಿನಲ್ಲಿ ಕಬ್ಬಿಣದ ಬೋಟು ಹವಳದ ದಿಬ್ಬಕ್ಕೆ ಹೋಗಿ ಬಂತು, ಎಲ್ಲರೂ ಸುಖವಾಗಿ ಬಂದರು. ಅರ್ಚನಾ ಶೆಡ್ಡಿಗೆ ಬಂದು ಅದರ ವಿಡಿಯೋ ತೋರಿಸಿದಾಗ ಮಾಬ್ಲ ಪೂರ್ತಿ ನೋಡಿ, ಜನ ಎಷ್ಟು ಹೊತ್ತಿಗೆ ಏಳುತ್ತಿದ್ದರು ಎಂದಷ್ಟೇ ಕೇಳಿದನಂತೆ.

ನಾನು ಹೇಳಬೇಕಾದದ್ದು ಇದಕ್ಕೂ ಮೊದಲಿನದು, ಅದೇ ವರ್ಷದ ಜುಲೈ ಕೊನೆಯದು. ಗಣಪ ತೀರಿಕೊಂಡ ದಿನ ಮಂಜಿ ಪ್ರತಿ ವರ್ಷ ಎಡೆ ಇಡುತ್ತಾಳೆ. ಕಾಗೆಗೆ ಇಟ್ಟು ಬಂದ ಮೇಲೆ ಮನೆಯೊಳಗೆ ಮೊದಲ ಎಲೆಗೆ, ಗಣಪನ ಜೊತೆ ಬೋಟಿನಲ್ಲಿ ದುಡಿದ ಒಬ್ಬ ಹಿರಿಯನನ್ನು ಕೂರಿಸಿ ಬಡಿಸುವುದು ಅವಳ ಮನೆಯ ಪದ್ಧತಿ. ಹತ್ತು ವರ್ಷವೂ ಆ ಎಲೆಗೆ ಕೂತವನು ಮಾಬ್ಲ. ಹೋದ ವರ್ಷದ ಆ ದಿನವೂ ಅವನು ಶೆಡ್ಡಿನಲ್ಲಿ ಬೆಳಿಗ್ಗೆಯೇ ಮಿಂದು, ಒಗೆದ ಪಂಚೆ ಉಟ್ಟು ಕೂತಿದ್ದ ಎಂದು ನೋಡಿದವರು ಹೇಳಿದರು. ಕರೆ ಬಂದದ್ದು ನನಗೆ. "ನೀವಾದ್ರೂ ಬನ್ನಿ ಉಮೇಶಣ್ಣ, ನಿಮ್ದೇನೂ ತಪ್ಪಿಲ್ಲ" ಎಂದು ಮಂಜಿ ಫೋನಿನಲ್ಲಿ ಹೇಳಿದಳು.

ಕಿವಿಗೆ ಕೇಳಲಿಲ್ಲ ಎಂದದ್ದು ಸುಳ್ಳಲ್ಲ. ಗಣಪ ಸತ್ತ ದಿನ ನಾನು ಎಂಜಿನ್ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂತು ಬೋಲ್ಟು ಬಿಗಿಯುತ್ತಿದ್ದೆ. ಬೆನ್ನಿಗೆ ತಟ್ಟಿದ ಹಾಗಾಯಿತು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಗಣಪ ಕೋಣೆ ತೊಳೆಯುತ್ತಿದ್ದಾನೆ, ಹಿಡಿಕಡ್ಡಿ ಬಡಿಯಿತು ಎಂದುಕೊಂಡೆ, ಬೋಲ್ಟು ಬಿಗಿದು ಮುಗಿಸಿದೆ. ಹೋದ ವರ್ಷ ಅಳಿವೆಯಲ್ಲಿ ಅರ್ಚನಾ ಗೋಡೆಗೆ ಗುದ್ದಿದಾಗ ಅದೇ ಜಾಗದಲ್ಲಿ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಹಿಡಿಕಡ್ಡಿಯಲ್ಲ ಅದು, ಮುಷ್ಟಿ ಎಂದು ಆಗ ಗೊತ್ತಾಯಿತು. ಮಾಬ್ಲ ತನ್ನದನ್ನು ಹೇಳಿದ. ನಾನು ಹೇಳಲಿಲ್ಲ.

ಮಂಜಿಯ ಮನೆಗೆ ಹೋದೆ. ಕೈಕಾಲು ತೊಳೆದು ಮೊದಲ ಎಲೆಗೆ ಕೂತೆ. ಗಣಪನಿಗೆ ಇಷ್ಟವಾದ ಬಂಗಡೆಯ ಸಾರು ಮಾಡಿದ್ದಳು. ಎಲ್ಲವನ್ನೂ ಉಂಡೆ. ಇನ್ನಷ್ಟು ಅನ್ನ ಹಾಕಲೇ ಎಂದು ಅವಳು ಕೇಳಿದಳು. ಬೇಡ ಎನ್ನಲು ಬಾಯಿ ತೆರೆದರೆ ಬೇರೆ ಏನಾದರೂ ಬಂದುಬಿಡುತ್ತದೆ ಎಂದು ಹೆದರಿ ಎಲೆಯನ್ನು ಮುಂದಕ್ಕೆ ಸರಿಸಿದೆ. ಅವಳು ಬಡಿಸಿದಳು.